ಆರು ಸಜ್ಜನರ ಕಷಾಯ

ಮೈಸೂರಿನ ಒಂಟಿಕೊಪ್ಪಲಿನಲ್ಲಿ ವೇದವಲ್ಲಿಯವರ ಕೈಗುಣದ ಬಗ್ಗೆ ಎರಡು ಮಾತಿರಲಿಲ್ಲ. ಯಾರ ಮನೆಯ ಮಗುವಿಗೆ ಹೊಟ್ಟೆ ಉಬ್ಬರಿಸಿದರೂ, ಯಾವ ಬಾಣಂತಿಗೆ ಊಟ ಸೇರದಿದ್ದರೂ ಮೊದಲು ಸದ್ದಾಗುತ್ತಿದ್ದದ್ದು ಅವರ ಮನೆಯ ಗೇಟು. ಡಾಕ್ಟರ ಸರದಿ ಆಮೇಲೆ. ಔಷಧಿಗೆ ಅವರು ಒಂದು ಕಾಸು ಮುಟ್ಟಿದವರಲ್ಲ. ಆದರೆ ಕೊಟ್ಟದ್ದನ್ನು ತಮ್ಮೆದುರಿಗೇ ಕುಡಿದು ಲೋಟ ಬೋರಲು ಹಾಕಿ ತೋರಿಸಬೇಕು. ಮೂಗು ಮುರಿದವರಿಗೆ ಮತ್ತೊಮ್ಮೆ ಬಾಗಿಲು ತೆರೆಯುತ್ತಿರಲಿಲ್ಲ. ಹಾಗೆ ಮುಖ ಮುರಿಸಿಕೊಂಡ ಎರಡು ಮೂರು ಮನೆಗಳು ಆ ಬೀದಿಯಲ್ಲೇ ಇದ್ದವು.

ಇಂಥ ವೇದವಲ್ಲಿಯವರು ಅರವತ್ತೇಳನೆಯ ವಯಸ್ಸಿನಲ್ಲಿ, ಮೂರು ತಿಂಗಳ ವೀಸಾ ಹಿಡಿದು, ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಜಪಾನಿನಲ್ಲಿ ವಿಮಾನ ಇಳಿದರು. ಕರೆದೊಯ್ಯಲು ಬಂದಿದ್ದ ಮಗ ತೇಜಸ್ವಿಯನ್ನು ಕಂಡು ಅವರ ಕರುಳು ಚುರುಕ್ಕೆಂದಿತು. ಕತ್ತಿನ ಬುಡದ ಮೂಳೆಗಳು ಅಂಗಿಯೊಳಗಿಂದ ಎದ್ದು ಕಾಣುತ್ತಿದ್ದವು. ನಲವತ್ತೆರಡಕ್ಕೇ ಕೆನ್ನೆ ಒಳಕ್ಕೆ ಹೋಗಿತ್ತು.

"ಏನೋ ಇದು, ಹೀಗಾಗಿದೀಯ?"

"ಸ್ವಲ್ಪ ಗ್ಯಾಸ್ಟ್ರಿಕ್ ಅಮ್ಮ. ಪ್ರಾಜೆಕ್ಟ್ ಪ್ರೆಷರು. ಬಾ, ಬಸ್ಸಿಗೆ ಹೊತ್ತಾಯ್ತು," ಎಂದು ಅವನು ಸೂಟ್‌ಕೇಸಿಗೆ ಕೈ ಹಾಕಿದ.

ಆ ಸೂಟ್‌ಕೇಸಿನಲ್ಲಿ ಎರಡು ಕಿಲೋ ಬರೀ ಬೇರು, ನಾರು, ಪುಡಿ. ದೇವರಾಜ ಮಾರುಕಟ್ಟೆಯ ಹತ್ತಿರದ ಗ್ರಂಧಿಗೆ ಅಂಗಡಿಯಿಂದ ಆರಿಸಿ ತಂದದ್ದು. ಅರ್ಧಕ್ಕಿಂತ ಹೆಚ್ಚು ಅತಿಮಧುರವೇ. ಹೊಟ್ಟೆಯ ಉರಿಗೆ, ಹುಳಿತೇಗಿಗೆ ಅವರ ಕೈಮದ್ದು ಅದೇ.

ತ್ಸುಕುಬಾ ಎಂಬ ಊರಿನಲ್ಲಿ ಮಗನದು ನಾಲ್ಕನೆಯ ಮಹಡಿಯ ಮನೆ. ತೇಜಸ್ವಿ ಬೆಂಗಳೂರಿನ ಕಂಪನಿಯಿಂದ ಅಲ್ಲಿನ ಒಂದು ಸಂಶೋಧನಾ ಸಂಸ್ಥೆಗೆ ಸಾಫ್ಟ್‌ವೇರ್ ಮಾಡಿಕೊಡಲು ಹೋದವನು, ಆರು ವರ್ಷವಾಗಿತ್ತು. ಸೊಸೆ ಶೈಲಜಾ ಮನೆ ನೋಡಿಕೊಳ್ಳುತ್ತಾ, ಜಪಾನಿ ಭಾಷೆಯ ಎರಡು ಪರೀಕ್ಷೆ ಪಾಸು ಮಾಡಿ, ಆಸ್ಪತ್ರೆಯಿಂದ ಪಾಲಿಕೆ ಕಚೇರಿಯವರೆಗೆ ಎಲ್ಲೆಡೆ ಮನೆಯ ಬಾಯಿ ತಾನೇ ಆಗಿದ್ದಳು. ಮೊಮ್ಮಗಳು ಇಂಚರಾಗೆ ಎಂಟು. ಅಜ್ಜಿ ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವಳು, ಕೋಪ ಬಂದರೆ ಜಪಾನಿಯಲ್ಲಿ.

ತೇಜಸ್ವಿಯ ಹೊಟ್ಟೆ ಕೆಟ್ಟದ್ದು ಚಳಿಗಾಲದಲ್ಲಿ. ಮಧ್ಯಾಹ್ನದ ಡಬ್ಬಿ ತೆರೆಯಲು ಪುರಸೊತ್ತಿಲ್ಲದೆ ನಾಲ್ಕು ಗಂಟೆಗೆ ಕೊಂಬಿನಿ ಎಂಬ ಹಗಲೂ ರಾತ್ರಿ ತೆರೆದಿರುವ ಅಂಗಡಿಯ ಅನ್ನದುಂಡೆ ತಿಂದು, ಮೇಲೆ ಎರಡು ಕಪ್ಪು ಕಾಫಿ. ಈಗ ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ತಿಂದದ್ದು ಎದೆಯಲ್ಲೇ ನಿಂತ ಹಾಗೆ. ಡಾಕ್ಟರು ಒಳಗೆ ಕ್ಯಾಮೆರಾ ಇಳಿಸಿ ನೋಡಿ, ಹುಣ್ಣೂ ಇಲ್ಲ ಮಣ್ಣೂ ಇಲ್ಲ ಎಂದು ಒಂದು ಗಿಡಮೂಲಿಕೆ ಔಷಧಿ ಬರೆದುಕೊಟ್ಟಿದ್ದರು. ಬೆಳ್ಳಿ ಬಣ್ಣದ ಪುಟ್ಟ ಪೊಟ್ಟಣ, ದಿನಕ್ಕೆ ಮೂರು, ಊಟಕ್ಕೆ ಮುಂಚೆ.

ಬಂದ ಎರಡನೆಯ ದಿನವೇ ವೇದವಲ್ಲಿಯವರ ಕಣ್ಣು ಅದರ ಮೇಲೆ ಬಿತ್ತು.

"ಏನೋ ಇದು? ಕಾಫಿಪುಡಿ ಇದ್ದ ಹಾಗಿದೆ."

"ಚೀನಾದವರ ಹಳೇ ಕಷಾಯ ಅಮ್ಮ. ಇಲ್ಲಿಯವರು ಒಣಗಿಸಿ ಪ್ಯಾಕೆಟ್ ಮಾಡಿದಾರೆ. ಹೆಸರೇನು ಗೊತ್ತಾ? ಆರು ಜನ ಸಜ್ಜನರ ಕಷಾಯ ಅಂತ!"

"ಯಾರಂತೆ ಆ ಸಜ್ಜನರು?"

"ಆರು ಮೂಲಿಕೆ. ಆದ್ರೆ ಕಾಗದದಲ್ಲಿ ಎಂಟು ಬರೆದಿದಾರೆ. ಇನ್ನಿಬ್ಬರು ಕಾಂಟ್ರ್ಯಾಕ್ಟ್ ಮೇಲೆ ಬಂದಿರ್ಬೇಕು, ನನ್ನ ಥರ," ಎಂದು ತೇಜಸ್ವಿ ನಕ್ಕ.

ಪೊಟ್ಟಣದ ತಳದಲ್ಲಿ ಉಳಿದಿದ್ದ ಪುಡಿಯನ್ನು ಅವರು ಅಂಗೈಗೆ ಕೊಡವಿಕೊಂಡು ನಾಲಿಗೆಗೆ ಹಚ್ಚಿಕೊಂಡರು. ಕಣ್ಣು ಮುಚ್ಚಿದರು. ಶುಂಠಿ ಗೊತ್ತಾಯಿತು. ಕಿತ್ತಳೆ ಸಿಪ್ಪೆ. ಯಾವುದೋ ಮಣ್ಣುವಾಸನೆಯ ಗೆಡ್ಡೆ. ಎಲ್ಲ ಇಳಿದುಹೋದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಒಂದು ಸಿಹಿ ಉಳಿಯಿತು. ಸಕ್ಕರೆಯದಲ್ಲ, ಬೆಲ್ಲದ್ದೂ ಅಲ್ಲ.

"ಅಯ್ಯೋ, ಅತಿಮಧುರ ಕಣೋ ಇದು! ನಮ್ಮದೇ!"

ಅವರಿಗಾದ ಖುಷಿ ಅಷ್ಟಿಷ್ಟಲ್ಲ. ಭಾಷೆ ಬಾರದ, ಬೋರ್ಡು ಓದಲಾಗದ, ಟ್ಯಾಪಿನಿಂದ ಹಿಡಿದು ಕಮೋಡಿನವರೆಗೆ ಎಲ್ಲಕ್ಕೂ ಸೊಸೆಯನ್ನು ಕೂಗಬೇಕಾದ ದೇಶದಲ್ಲಿ ಒಬ್ಬ ಊರಿನವನು ಸಿಕ್ಕಿದ್ದ. ಆದರೆ ಖುಷಿಯ ಬೆನ್ನಿಗೇ ಅವರ ಪಾಂಡಿತ್ಯವೂ ಎದ್ದು ಕೂತಿತು. "ಹಾಕಿರೋದು ಒಂದು ಚಿಟಿಕೆ. ಇಷ್ಟರಲ್ಲಿ ಬೆಕ್ಕಿನ ಹೊಟ್ಟೇನೂ ಸರಿಹೋಗಲ್ಲ. ನಾಳೆಯಿಂದ ನಾನು ಕುದಿಸಿಕೊಡ್ತೀನಿ, ನೋಡುವೆಯಂತೆ."

ಅಡುಗೆಮನೆಯಿಂದ ಶೈಲಜಾ ತಲೆ ಹಾಕಿದಳು. "ಬೇಡ ಅತ್ತೆ, ಪ್ಲೀಸ್. ಡಾಕ್ಟರ್ ಮೆಡಿಸಿನ್ ನಡೀತಿರೋವಾಗ ಬೇರೇನೂ ಮಿಕ್ಸ್ ಮಾಡೋದು ಬೇಡ. ಇಲ್ಲಿ ಅದರಲ್ಲಿ ತುಂಬಾ ಸ್ಟ್ರಿಕ್ಟು."

"ಹ್ಞೂಂ," ಎಂದರು ವೇದವಲ್ಲಿ. ಆ ಹ್ಞೂಂ ಎಂಥದ್ದೆಂದು ಒಂಟಿಕೊಪ್ಪಲಿನವರಾದರೆ ತಿಳಿದುಕೊಳ್ಳುತ್ತಿದ್ದರು. ಶೈಲಜಾ ಬೆಂಗಳೂರಿನ ಹುಡುಗಿ, ನಂಬಿಕೊಂಡಳು.

ಮರುದಿನದಿಂದ ಬೆಳಗಿನ ಐದು ಗಂಟೆಗೆ ಒಲೆ ಹತ್ತಿತು. ಕುಟ್ಟಿ ನೆನೆಹಾಕಿದ ಬೇರನ್ನು ನಾಲ್ಕು ಲೋಟ ನೀರಿನಲ್ಲಿ ಕುದಿಸಿ, ಬತ್ತಿಸಿ ಒಂದು ಲೋಟಕ್ಕೆ ತಂದು, ಸೋಸಿ, ಸ್ಟೀಲಿನ ಫ್ಲಾಸ್ಕಿಗೆ ತುಂಬಿಸುವುದು. ವಾಸನೆ ಗೊತ್ತಾಗದಿರಲೆಂದು ಪಕ್ಕದ ಒಲೆಯಲ್ಲಿ ಒಂದು ಹಿಡಿ ಜೀರಿಗೆ ಹುರಿಯುವುದು. "ಜೀರಿಗೆ ನೀರಮ್ಮ, ಆಫೀಸಿನಲ್ಲಿ ಬಾಯಾರಿದರೆ ಕುಡೀಲಿ ಅಂತ," ಎಂದು ಸೊಸೆಗೆ ಹೇಳಿದರು. ಜೀರಿಗೆ ನೀರಿಗೆ ಯಾವ ಸೊಸೆ ತಾನೇ ಬೇಡ ಎಂದಾಳು? ಮಗನ ಕಿವಿಯಲ್ಲಿ ಮಾತ್ರ ನಿಜ ಹೇಳಿದರು. ಅವನು ಒಂದು ಕ್ಷಣ ಫ್ಲಾಸ್ಕು ನೋಡಿದ, ಅಮ್ಮನನ್ನು ನೋಡಿದ, ಆಮೇಲೆ ನಗುತ್ತಾ "ಕೊಡಮ್ಮ, ಕುಡೀತೀನಿ," ಎಂದ. ಸಂಜೆ ಫ್ಲಾಸ್ಕು ಖಾಲಿಯಾಗಿ ಬಂತು. ಅದನ್ನು ಅಲ್ಲಾಡಿಸಿ ನೋಡಿ ವೇದವಲ್ಲಿಯವರು ಹಿಗ್ಗಿದರು.

ಎರಡು ವಾರ ಕಳೆಯಿತು. ನಿಜ ಹೇಳಬೇಕೆಂದರೆ ಹೊಟ್ಟೆ ಸುಧಾರಿಸಿತು. ಎರಡು ಚಪಾತಿ ತಿನ್ನತೊಡಗಿದ, ತೇಗು ನಿಂತಿತು. ಆ ಯಶಸ್ಸು ಚೀನಾದ ಸಜ್ಜನರದೋ, ಒಂಟಿಕೊಪ್ಪಲಿನ ಅಮ್ಮನದೋ, ಅಥವಾ ಮನೆಯಲ್ಲಿ ಮೂರು ಹೊತ್ತು ಬಿಸಿ ಬಿಸಿ ಬಡಿಸುವವರು ಬಂದರೆ ಯಾರ ಹೊಟ್ಟೆಯಾದರೂ ಸರಿಹೋಗುತ್ತದೋ, ಯಾರು ಹೇಳಬೇಕು? ವೇದವಲ್ಲಿಯವರಿಗೆ ಮಾತ್ರ ಅನುಮಾನವಿರಲಿಲ್ಲ.

ಪೊಟ್ಟಣಗಳು ಮುಗಿದಾಗ ಶೈಲಜಾ ಕ್ಲಿನಿಕ್ಕಿನ ಪಕ್ಕದ ಔಷಧಿ ಅಂಗಡಿಗೆ ಅತ್ತೆಯನ್ನೂ ಕರೆದುಕೊಂಡು ಹೋದಳು. ಆ ದೇಶದಲ್ಲಿ ಪ್ರತಿಯೊಬ್ಬರಿಗೂ ಒಂದು ಔಷಧಿ ಪುಸ್ತಕವಿರುತ್ತದೆ. ಯಾವ ಡಾಕ್ಟರು ಏನು ಕೊಟ್ಟರೂ ಅದರ ಚೀಟಿಯನ್ನು ಅದರಲ್ಲಿ ಅಂಟಿಸಬೇಕು. ಬಿಳಿ ಕೋಟಿನ ಹೆಂಗಸು ತೇಜಸ್ವಿಯ ಪುಸ್ತಕ ತೆರೆದು, ಚೀಟಿ ಅಂಟಿಸಿ, ಪೆನ್ನು ಹಿಡಿದು ಏನನ್ನೋ ಬಹಳ ಮೃದುವಾಗಿ ಕೇಳಿದಳು.

ಶೈಲಜಾ ಅತ್ತೆಯ ಕಡೆ ತಿರುಗಿದಳು. "ಬೇರೆ ಮಾತ್ರೆ, ಟಾನಿಕ್ಕು, ಮನೆಮದ್ದು ಏನಾದ್ರೂ ತಗೋತಿದಾರಾ ಅಂತ ಕೇಳ್ತಿದಾರೆ. ನೀವೇನೂ ಕೊಡ್ತಿಲ್ಲ ಅಲ್ವಾ ಅತ್ತೆ?"

"ಜೀರಿಗೆ ನೀರು ಬಿಟ್ರೆ ಇನ್ನೇನಮ್ಮ?"

ಸುಳ್ಳು ಹೇಳಿದೆನೆಂದು ಅವರಿಗೆ ಅನ್ನಿಸಲೇ ಇಲ್ಲ. ಔಷಧಿಯೆಂದರೆ ಡಾಕ್ಟರು ಬರೆದುಕೊಡುವುದು, ಅಂಗಡಿಯವರು ಎಣಿಸಿ ಕೊಡುವುದು. ತಾಯಿ ಕುದಿಸಿ ಕೊಡುವುದು ಔಷಧಿ ಹೇಗಾಗುತ್ತದೆ? ಅದನ್ನು ಪುಸ್ತಕದಲ್ಲಿ ಅಂಟಿಸಲು ಚೀಟಿ ಎಲ್ಲಿಂದ ತರುವುದು? ಬಿಳಿ ಕೋಟಿನ ಹೆಂಗಸು ತಲೆಯಾಡಿಸಿ ಏನೋ ಬರೆದುಕೊಂಡು ಪುಸ್ತಕ ಮುಚ್ಚಿದಳು. ಅಲ್ಲಿ ನಿಂತಿದ್ದ ಮೂವರಲ್ಲಿ, ಪೊಟ್ಟಣಕ್ಕೂ ಫ್ಲಾಸ್ಕಿಗೂ ಬಿದ್ದಿರುವುದು ಒಂದೇ ಬೇರು ಎಂದು ಗೊತ್ತಿದ್ದದ್ದು ವೇದವಲ್ಲಿಯವರೊಬ್ಬರಿಗೇ. ಅವರಿಗೆ ಅದು ಹೆಮ್ಮೆಯ ಸಂಗತಿಯಾಗಿತ್ತೇ ಹೊರತು ಹೇಳಬೇಕಾದ ಸಂಗತಿ ಎನ್ನಿಸಲಿಲ್ಲ.

ಮೇ ತಿಂಗಳಲ್ಲಿ ತೇಜಸ್ವಿಯ ಮುಖ ತುಂಬಿಕೊಂಡಿತು. ಕೆನ್ನೆ ಉಬ್ಬಿತು, ಕತ್ತಿನ ಮೂಳೆ ಮರೆಯಾಯಿತು. ವೇದವಲ್ಲಿಯವರು ದಿನಾ ಬೆಳಗ್ಗೆ ಆ ಮುಖ ನೋಡಿ ಕಣ್ಣು ತುಂಬಿಕೊಳ್ಳುತ್ತಿದ್ದರು. ಮೈಸೂರಿನ ನಾದಿನಿ ಜಲಜಾಗೆ ಫೋಟೋ ಕಳಿಸಿ, "ನೋಡೇ, ನಾನು ಬಂದ ಮೇಲೆ ಹೇಗಾಗಿದಾನೆ!" ಎಂದು ಫೋನಿನಲ್ಲಿ ಹೇಳಿಕೊಂಡರು. ಸಂಜೆ ಸಾಕ್ಸ್ ಕಳಚಿದಾಗ ಕಾಲಿನ ಮೇಲೆ ಆಳವಾದ ಗುರುತು ಉಳಿಯುತ್ತಿದ್ದದ್ದನ್ನು ಅವರೂ ನೋಡಿದ್ದರು. ಸಾಕ್ಸೇ ಬಿಗಿ ಎಂದುಕೊಂಡರು.

"ಅಮ್ಮ, ಯಾಕೋ ಸೈಕಲ್ ತುಳಿಯೋಕೆ ಆಗ್ತಿಲ್ಲ. ತೊಡೆ ಹಿಡ್ಕೊಂಡುಬಿಡುತ್ತೆ," ಎಂದ ಒಂದು ದಿನ. ಸಂಸ್ಥೆಯ ಮುಂದಿನ ಸಣ್ಣ ದಿಬ್ಬದಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತಿದ್ದನಂತೆ. ಇನ್ನೊಂದು ದಿನ ಮೇಲಿನ ಶೆಲ್ಫಿನಿಂದ ಡಬ್ಬಿ ತೆಗೆಯಲು ಎತ್ತಿದ ಕೈ ಅರ್ಧಕ್ಕೇ ಇಳಿಯಿತು.

"ಇಷ್ಟು ದಿನ ತಿನ್ನದೇ ಇದ್ದದ್ದಕ್ಕೆ ನಿಶ್ಶಕ್ತಿ ಕಣೋ. ಈಗ ತಾನೇ ಮೈಗೆ ಹತ್ತುತಾ ಇದೆ," ಎಂದು ವೇದವಲ್ಲಿ ಬೇರನ್ನು ಒಂದೂವರೆ ಪಟ್ಟು ಹೆಚ್ಚಿಸಿದರು.

ಜೂನ್ ಮೊದಲ ವಾರ, ಮಳೆಗಾಲ ಹಿಡಿದ ದಿನ, ಬೆಳಗ್ಗೆ ಏಳಕ್ಕೆ ತೇಜಸ್ವಿ ಹಾಸಿಗೆಯಿಂದ ಏಳಲು ಹೋಗಿ ಏಳಲಾಗಲಿಲ್ಲ. ಕಾಲುಗಳು ಅವನ ಮಾತು ಕೇಳಲಿಲ್ಲ. "ಶೈಲೂ, ಏನೋ ತಮಾಷೆ ಆಗ್ತಿದೆ," ಎಂದು ನಗಲು ನೋಡಿದ. ಶೈಲಜಾ ಅವನ ಮುಖ ನೋಡಿ ಫೋನು ಕೈಗೆತ್ತಿಕೊಂಡಳು. ಮೂವರು ಬಂದು ಅವನನ್ನು ಚಾಪೆಯ ಥರದ ಸ್ಟ್ರೆಚರಿನಲ್ಲಿ ಸುತ್ತಿ ನಾಲ್ಕು ಮಹಡಿ ಇಳಿಸಿದರು. ಹಿಂದೆಯೇ ಇಳಿದ ವೇದವಲ್ಲಿಯವರ ಕೈಯಲ್ಲಿ ಫ್ಲಾಸ್ಕು ಇತ್ತು.

ಆಸ್ಪತ್ರೆಯಲ್ಲಿ ರಕ್ತ ನೋಡಿದ ತರುಣ ಡಾಕ್ಟರ ಹುಬ್ಬು ಗಂಟಿಕ್ಕಿತು. ಪೊಟ್ಯಾಸಿಯಂ ಎಂಬುದು ಮನುಷ್ಯನಲ್ಲಿ ಇರಬೇಕಾದದ್ದರ ಅರ್ಧಕ್ಕಿಂತ ಕೆಳಗಿದೆ, ಹೀಗೇ ಇಳಿದರೆ ಹೃದಯ ತಪ್ಪು ಹೆಜ್ಜೆ ಹಾಕುತ್ತದೆ, ನಿಲ್ಲಲೂಬಹುದು ಎಂದು ಶೈಲಜಾ ಬಿಡಿಸಿ ಹೇಳಿದಳು. ಔಷಧಿ ಪುಸ್ತಕ ನೋಡಿದ ಡಾಕ್ಟರು ಕಷಾಯದ ಪೊಟ್ಟಣವನ್ನು ತಕ್ಷಣ ನಿಲ್ಲಿಸಿದರು. ಅಪರೂಪಕ್ಕೆ ಕೆಲವರಿಗೆ ಇದರಿಂದ ಹೀಗಾಗುವುದುಂಟು, ಆದರೆ ಇಷ್ಟು ಸಣ್ಣ ಪ್ರಮಾಣದಲ್ಲಿ ಈ ಮಟ್ಟಕ್ಕೆ ಹೋಗುವುದು ವಿಚಿತ್ರ ಎಂದರಂತೆ. ಆಮೇಲೆ ತೇಜಸ್ವಿಯನ್ನೇ ನೇರವಾಗಿ ಕೇಳಿದರು, ಬೇರೇನಾದರೂ ತಗೊಳ್ಳುತ್ತಿದ್ದೀರಾ ಎಂದು.

ತೇಜಸ್ವಿ ಹಾಸಿಗೆಯ ಆಚೆ ನಿಂತಿದ್ದ ಅಮ್ಮನನ್ನು ನೋಡಿದ. ಬಳಿಕ ಡಾಕ್ಟರಿಗೆ ಜಪಾನಿಯಲ್ಲಿ, ಅಂಥದ್ದೇನೂ ಇಲ್ಲ ಎಂದ.

ಮಾತು ಅರ್ಥವಾಗದಿದ್ದರೂ ಆ ನೋಟ ವೇದವಲ್ಲಿಯವರಿಗೆ ಅರ್ಥವಾಯಿತು. ಮಗ ತನ್ನನ್ನು ಬಿಟ್ಟುಕೊಡಲಿಲ್ಲ ಎಂದು ಎದೆ ತುಂಬಿ ಬಂತು. ಅದೇ ಹೊತ್ತಿಗೆ ಅದರೊಳಗೆ ಎಲ್ಲೋ ಒಂದು ಮುಳ್ಳೂ ಆಡಿತು. ಅವರು ಅದನ್ನು ಅಲ್ಲೇ ಅದುಮಿದರು. ಆ ಪೊಟ್ಟಣ ಪರದೇಶದ್ದು, ಏನೇನು ಬೆರೆಸಿದ್ದಾರೋ. ನಮ್ಮ ಅತಿಮಧುರ ತಿಂದು ಸತ್ತವರನ್ನು ಯಾರಾದರೂ ಕಂಡಿದ್ದಾರೆಯೇ? ಕೂಸುಗಳಿಗೆ ಜೇನಿನಲ್ಲಿ ತೇಯ್ದು ನೆಕ್ಕಿಸುತ್ತೇವೆ.

ಎರಡನೆಯ ದಿನವೂ ಕೈಗೆ ಹನಿಹನಿಯಾಗಿ ಔಷಧಿ ಇಳಿಯುತ್ತಲೇ ಇತ್ತು, ರಕ್ತದ ಲೆಕ್ಕ ಮಾತ್ರ ಏರಲಿಲ್ಲ. ಮಧ್ಯಾಹ್ನ ಎರಡರಿಂದ ಭೇಟಿಯ ಸಮಯ. ಎರಡೂವರೆಗೆ ಶೈಲಜಾ ಇಂಚರಾಳನ್ನು ಸ್ಕೂಲಿನಿಂದ ಕರೆತರಲು ಹೊರಡುವಳು. ಆಮೇಲೆ ತಾಯಿ, ಮಗ ಇಬ್ಬರೇ. ನರ್ಸು ಬಂದು ನೋಡಿದರೆ, ಮುದುಕಿಯೊಬ್ಬರು ಮಗನಿಗೆ ಫ್ಲಾಸ್ಕಿನಿಂದ ನೀರು ಕುಡಿಸುತ್ತಿದ್ದಾರೆ. ನೀರು ಕುಡಿಯಲು ಅಡ್ಡಿಯಿರಲಿಲ್ಲ. ನರ್ಸು ತಲೆ ಬಾಗಿಸಿ ಹೋದಳು.

ಪೊಟ್ಟಣ ನಿಂತಿದೆಯಲ್ಲ, ಇನ್ನು ಮಗನನ್ನು ಎತ್ತಬೇಕಾದದ್ದು ತಾನೇ ಎಂದು ವೇದವಲ್ಲಿಯವರು ಅಂದುಕೊಂಡಿದ್ದರು. ಎಂದಿಗಿಂತ ಗಟ್ಟಿಯಾಗಿ ಕಾಯಿಸಿದ್ದರು.

"ಕುಡಿಯಪ್ಪ. ಇನ್ನೆರಡು ಗುಟುಕು."

ಅವನು ಕಣ್ಣು ಮುಚ್ಚಿಕೊಂಡು ಕುಡಿದ.

ಮೂರನೆಯ ದಿನ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಅವರು ಮೂಲೆಯ ಸಿಂಕಿನಲ್ಲಿ ಫ್ಲಾಸ್ಕಿನ ಮುಚ್ಚಳ ತೊಳೆಯುತ್ತಿದ್ದಾಗ ಬೆನ್ನ ಹಿಂದೆ ಯಂತ್ರ ಒಂದೇ ಸಮನೆ ಕೂಗತೊಡಗಿತು. ತಿರುಗಿದರೆ ಮಗನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದೆ. ಒಬ್ಬಳು ನರ್ಸು ಓಡಿಬಂದಳು, ಆಮೇಲೆ ಐದಾರು ಜನ. ಒಬ್ಬ ಹಾಸಿಗೆಯ ಮೇಲೇ ಹತ್ತಿ ಅವನ ಎದೆಯನ್ನು ಎರಡೂ ಕೈಯಲ್ಲಿ ಒತ್ತತೊಡಗಿದ. ಯಾರೋ ಅವರ ಭುಜ ಹಿಡಿದು ಹೊರಗೆ ತಂದು ಬೆಂಚಿನ ಮೇಲೆ ಕೂರಿಸಿದರು. "ತೇಜೂ, ತೇಜೂ" ಎಂದು ಕೂಗಿದರು. ಆ ಇಡೀ ಕಾರಿಡಾರಿನಲ್ಲಿ ಅವರ ಭಾಷೆ ತಿಳಿದವರು ಒಬ್ಬರೂ ಇರಲಿಲ್ಲ. ಬಾಗಿಲ ಹಿಂದೆ ಮಗ ಇದ್ದಾನೋ ಹೋದನೋ ಎಂದು ಕೇಳುವುದಕ್ಕೂ ಅವರ ಬಳಿ ಮಾತಿರಲಿಲ್ಲ. ಶೈಲಜಾ ಬರುವವರೆಗಿನ ಆ ಇಪ್ಪತ್ತೈದು ನಿಮಿಷ ಶತ್ರುವಿಗೂ ಬೇಡ.

ಹೃದಯ ನಿಂತು, ಎರಡು ಸಲ ಕರೆಂಟು ಕೊಟ್ಟ ಮೇಲೆ ಮತ್ತೆ ಹೊಡೆದುಕೊಂಡಿತ್ತು. ಅವನನ್ನು ಐಸಿಯುಗೆ ಸಾಗಿಸಿದ್ದರು. ಮತ್ತೆ ನಿಲ್ಲುವುದಿಲ್ಲ ಎಂದು ಹೇಳಲಾರೆವು, ಕಾರಣ ಸಿಗದೆ ನಾವೂ ಕತ್ತಲಲ್ಲಿ ತಡಕುತ್ತಿದ್ದೇವೆ ಎಂದರು ಡಾಕ್ಟರು.

ಸಂಜೆ ಐದರ ಹೊತ್ತಿಗೆ ಆಸ್ಪತ್ರೆಯ ಔಷಧಿ ವಿಭಾಗದಿಂದ ಮೊರಿತಾ-ಸಾನ್ ಎಂಬ ಐವತ್ತರ ಹೆಂಗಸು ಬಂದಳು. ಬೆಂಚಿನ ಮೇಲೆ ಕೂತಿದ್ದ ಇಬ್ಬರ ಮುಂದೆ ನೆಲಕ್ಕೆ ಮಂಡಿಯೂರಿ, ತೊಡೆಯ ಮೇಲೆ ಒಂದು ಮರದ ಪೆಟ್ಟಿಗೆ ತೆರೆದಳು. ಒಳಗೆ ಚೌಕ ಚೌಕ ಗೂಡುಗಳಲ್ಲಿ ಒಣಗಿದ ಮೂಲಿಕೆಗಳು. ಅವಳು ಮಾತಾಡಿದ್ದು ಶೈಲಜಾ ಜೊತೆ, ನೋಡುತ್ತಿದ್ದದ್ದು ಮಾತ್ರ ವೇದವಲ್ಲಿಯವರನ್ನು.

"ಅತ್ತೆ, ಇಂಡಿಯಾದಲ್ಲಿ ಮನೇಲೇ ಔಷಧಿ ಮಾಡ್ತಾರಂತೆ, ನಿಮ್ಮ ಅಡುಗೆಮನೇಲಿ ಇರೋ ಅಂಥದ್ದು ಇದರಲ್ಲಿ ಏನಾದ್ರೂ ಇದ್ರೆ ತೋರಿಸಿ ಅಂತಿದಾರೆ. ಟೀ, ಮಸಾಲೆ, ಏನಾದ್ರೂ ಪರವಾಗಿಲ್ವಂತೆ."

ಚಕ್ಕೆ, ಶುಂಠಿ, ಕಿತ್ತಳೆ ಸಿಪ್ಪೆ. ಕೊನೆಯ ಗೂಡಿನಲ್ಲಿ ಓರೆಯಾಗಿ ಕತ್ತರಿಸಿದ ಹಳದಿ ಬೇರಿನ ಬಿಲ್ಲೆಗಳು. ಮೊರಿತಾ-ಸಾನ್ ಅದರ ಮೇಲೆ ಬೆರಳಿಟ್ಟು ಏನೋ ಹೇಳಿದಳು. ಪೊಟ್ಟಣದಲ್ಲಿರುವುದೂ ಇದೇ, ಹೆಚ್ಚಾದರೆ ರಕ್ತದಿಂದ ಪೊಟ್ಯಾಸಿಯಂ ಕಿತ್ತು ಹೊರಹಾಕುವುದೂ ಇದೇ, ಮುಖ ಊದಿಸುವುದೂ ಇದೇ ಎಂದು ಶೈಲಜಾ ಹೇಳುತ್ತಾ ಹೋದಳು.

ಮುಖ ಊದಿಸುವುದು! ವೇದವಲ್ಲಿಯವರಿಗೆ ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ನಾಳೆಯಿಂದ ಫ್ಲಾಸ್ಕು ತರದಿದ್ದರಾಯಿತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬಂದದ್ದು ನಿಜ, ಬಂದು ಒಂದಷ್ಟು ಹೊತ್ತು ನಿಂತದ್ದೂ ನಿಜ. ಆದರೆ ಬಾಗಿಲಿನ ಗಾಜಿನಾಚೆ ಮಗನ ಬಾಯಿಗೆ ಕೊಳವೆ ಹಾಕಿದ್ದರು. ಅವರು ಚೀಲಕ್ಕೆ ಕೈ ಹಾಕಿ ಫ್ಲಾಸ್ಕು ತೆಗೆದು ಆ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟರು.

"ಜೀರಿಗೆ ಅಲ್ಲಮ್ಮ ಇದು," ಎಂದರು. "ಏಪ್ರಿಲಿನಿಂದ ದಿನಾ ಕೊಡ್ತಿದೀನಿ. ಇವತ್ತೂ ಕೊಟ್ಟೆ."

ಶೈಲಜಾ ಅತ್ತೆಯ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನೆಟ್ಟಗೆ ಕೂತು, ಒಂದೊಂದೇ ಮಾತನ್ನೂ ಜಪಾನಿಗೆ ತಿರುಗಿಸಿ ಹೇಳಿದಳು. ಎಷ್ಟು ಬೇರು, ಎಷ್ಟು ನೀರು, ಎಷ್ಟು ದಿನ ಎಂದು ಅತ್ತೆಯನ್ನು ಕೇಳಿ ಕೇಳಿ ಹೇಳಿದಳು. ಹೇಳಿ ಮುಗಿಸಿ ಮೇಲೆದ್ದು ಸೊಂಟ ಬಗ್ಗಿಸಿ ಸುಮಿಮಾಸೆನ್ ಎಂದಳು. ಡಾಕ್ಟರು ಬಂದಾಗ ಅವರಿಗೂ, ಹಿಂದೆ ನಿಂತಿದ್ದ ನರ್ಸಿಗೂ ಬಗ್ಗಿದಳು. ಆ ಎಲ್ಲ ಮಾತುಗಳಲ್ಲಿ ವೇದವಲ್ಲಿಯವರಿಗೆ ಅರ್ಥವಾದ ಶಬ್ದ ಅದೊಂದೇ. ತಾನು ಮಾಡಿದ್ದಕ್ಕೆ ಸೊಸೆ ಕಂಡಕಂಡವರ ಕ್ಷಮೆ ಕೇಳುವುದನ್ನು ಅವರು ಕೂತು ನೋಡಿದರು. ಮೊರಿತಾ-ಸಾನ್ ಫ್ಲಾಸ್ಕು ತೆಗೆದುಕೊಂಡು ಹೋಗುವಾಗ ಅವರ ಕೈ ಹಿಡಿದು ಅರಿಗಾತೋ ಎಂದಳು. ಆ ಕೃತಜ್ಞತೆಗೆ ಅವರು ಕೈ ಕಿತ್ತುಕೊಂಡರು.

ಕಾರಣ ಸಿಕ್ಕ ಮೇಲೆ ದಾರಿ ಸಿಕ್ಕಿತು. ಆದರೂ ಆ ಬೇರಿನ ಪ್ರಭಾವ ಇಳಿಯಲು ವಾರಗಳೇ ಹಿಡಿದವು. ತೇಜಸ್ವಿ ಮನೆಗೆ ಬಂದದ್ದು ಜೂನ್ ಕೊನೆಗೆ. ಗೋಡೆ ಹಿಡಿದು ನಡೆಯುತ್ತಿದ್ದ. ಹೃದಯ ಇನ್ನೂ ಆಗಾಗ ತಾಳ ತಪ್ಪುತ್ತಿತ್ತು, ಅದು ಪೂರ್ತಿ ಸರಿಹೋಗುವ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಕೆಲವು ಮಾತು ನಡುವೆಯೇ ಮರೆತುಹೋಗುತ್ತಿದ್ದವು. ಇಂಚರಾ ಅಪ್ಪನ ಹತ್ತಿರ ಕೂತು, ಅವನು ಹುಡುಕುವ ಶಬ್ದವನ್ನು ಇಂಗ್ಲಿಷಿನಲ್ಲಿ ಹೇಳಿಕೊಡುತ್ತಿದ್ದಳು.

ಶೈಲಜಾ ಅತ್ತೆಯ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು, "ಇದರಲ್ಲಿ ನೀವು ಇಟ್ಕೊಳ್ಳೋದು ಯಾವುದಾದ್ರೂ ಇದ್ಯಾ ಅತ್ತೆ? ನಾಳೆ ಸುಡೋ ಕಸ ತಗೊಂಡು ಹೋಗೋ ದಿನ," ಎಂದು ಕೇಳಿದಳು. "ಇಲ್ಲಮ್ಮ," ಎಂದರು ವೇದವಲ್ಲಿ. "ಅಡುಗೆ ನಾನೇ ನೋಡ್ಕೋತೀನಿ, ನೀವು ರೆಸ್ಟ್ ತಗೊಳ್ಳಿ," ಎಂದಳು. ಅದಕ್ಕೂ ಅವರು ಆಗಲಮ್ಮ ಎಂದರು.

ಒಂದು ಮಧ್ಯಾಹ್ನ ಜರುಗುಬಾಗಿಲಿನಾಚೆ ಗಂಡ ಹೆಂಡತಿ ಮೆಲ್ಲಗೆ ಮಾತಾಡುತ್ತಿದ್ದದ್ದು ಅವರ ಕಿವಿಗೆ ಬಿತ್ತು.

"ಡಾಕ್ಟರ್ ಕೇಳಿದಾಗ ನೀನಾದ್ರೂ ಹೇಳ್ಬೇಕಿತ್ತಲ್ಲ ತೇಜು."

"ಅಮ್ಮ ಅಲ್ಲೇ ನಿಂತಿದ್ರು... ನಾಳೆ ಹೇಳೋಣ ಅಂದ್ಕೊಂಡೆ. ಅದರಿಂದಲೇ ಅಂತ ನಂಗೂ ಗೊತ್ತಿರ್ಲಿಲ್ಲ ಶೈಲು. ಆದ್ರೆ ನಂಗೆ ಆ... ಆ ಸಿಹಿ ಕಂಡ್ರೇ ಆಗ್ತಿರ್ಲಿಲ್ಲ. ವಾಂತಿ ಬರೋದು. ಎಷ್ಟೋ ಸಲ ಆಫೀಸ್ ಸಿಂಕಿಗೆ ಸುರಿದುಬಿಡೋಣ ಅಂತ ಮುಚ್ಚಳ ತೆಗೆದಿದೀನಿ. ಅಮ್ಮ ಐದು ಗಂಟೆಗೆ ಎದ್ದು ಕಾಯಿಸ್ತಿದ್ರಲ್ಲ. ಮನಸ್ಸು ಬರ್ತಿರ್ಲಿಲ್ಲ. ಕುಡಿದುಬಿಡ್ತಿದ್ದೆ."

ವೇದವಲ್ಲಿಯವರು ಕೂತಲ್ಲೇ ಕೂತಿದ್ದರು. ಪ್ರತಿ ಸಂಜೆ ಖಾಲಿ ಫ್ಲಾಸ್ಕು ಅಲ್ಲಾಡಿಸಿ ಹಿಗ್ಗಿದ್ದು, ಮಗ ಆಸೆಪಟ್ಟು ಕುಡಿಯುತ್ತಾನೆಂದು ಜಲಜಾಗೆ ಕೊಚ್ಚಿಕೊಂಡದ್ದು, ಎಲ್ಲ ನೆನಪಾಗಿ ನಾಚಿಕೆಯಿಂದ ಮೈ ಬಿಸಿಯಾಯಿತು. ಅಷ್ಟು ವರ್ಷ ಎಷ್ಟು ಜನರಿಗೆ ಲೋಟ ಬೋರಲು ಹಾಕಿಸಿದ್ದರು! ಅವರಲ್ಲಿ ಎಷ್ಟು ಜನ ಹೆದರಿ ಕುಡಿದಿದ್ದರೋ, ಎಷ್ಟು ಜನ ಮುಲಾಜಿಗೆ ಕುಡಿದಿದ್ದರೋ.

ವೀಸಾ ಮುಗಿಯಲು ಇನ್ನು ಆರು ದಿನವಿತ್ತು. ಶೈಲಜಾ ಏನೋ ಕಾಗದಕ್ಕಾಗಿ ಪಾಲಿಕೆ ಕಚೇರಿಗೆ ಹೋಗಿದ್ದಳು, ಅಲ್ಲಿ ತಡವಾಗಿತ್ತು. ಗಂಟೆ ಒಂದಾಯಿತು, ಒಂದೂವರೆಯಾಯಿತು. ತೇಜಸ್ವಿ ಸೋಫಾದಲ್ಲಿ ಒರಗಿ ಎರಡು ಸಲ ಅಡುಗೆಮನೆಯ ಕಡೆ ನೋಡಿದ. ಹಸಿದ ಮಗನ ಕಣ್ಣು ತಾಯಿಗೆ ಗೊತ್ತಾಗದೆ ಇರುತ್ತದೆಯೇ? ವೇದವಲ್ಲಿಯವರು ಎದ್ದರು. ತಿಂಗಳ ಮೇಲೆ ಒಲೆಯ ಮುಂದೆ ನಿಂತು, ಅಕ್ಕಿಯ ಗಂಜಿ ಕಾಯಿಸಿದರು. ಅಕ್ಕಿ, ನೀರು, ಉಪ್ಪು. ಮೆಣಸು ಸಹ ಹಾಕಲಿಲ್ಲ. ಬಟ್ಟಲಿಗೆ ಬಗ್ಗಿಸಿ, ಚಮಚ ಇಟ್ಟು, ತಂದು ಅವನ ಮುಂದೆ ಹಿಡಿದರು.

ತೇಜಸ್ವಿ ಬಟ್ಟಲು ನೋಡಿದ. ಕೈ ಮುಂದೆ ಬರಲಿಲ್ಲ.

"ಶೈಲು ಬರ್ಲಿ ಅಮ್ಮ. ಆಮೇಲೆ..." ಎಂದ. ಆಮೇಲೆ ಏನು ಎಂಬ ಶಬ್ದ ಅವನಿಗೆ ಸಿಗಲಿಲ್ಲ.

ಅವನ ಕಣ್ಣಿನಲ್ಲಿದ್ದದ್ದು ಹೆದರಿಕೆ. ಕೋಪವಾಗಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಹಾಲೂಡಿಸಿದ ತಾಯಿಯ ಕೈಯ ಗಂಜಿಗೆ ಮಗ ಹೆದರಿದ್ದ. ವೇದವಲ್ಲಿಯವರು ಹುಟ್ಟಿದಂದಿನಿಂದ ಎಂಜಲೆಂದರೆ ಮೈಲಿ ದೂರ ನಿಂತವರು, ಸಾರಿನ ಉಪ್ಪು ನೋಡಲೂ ನಾಲಿಗೆಗೆ ಮುಟ್ಟಿಸಿದವರಲ್ಲ. ಈಗ ಅವರು ಆ ಬಟ್ಟಲಿನಿಂದಲೇ ಒಂದು ಚಮಚ ತೆಗೆದು ಮಗನ ಎದುರಿಗೇ ಬಾಯಿಗಿಟ್ಟುಕೊಂಡರು. ನುಂಗಿದರು. ಇನ್ನೊಂದು ಚಮಚವನ್ನೂ ನುಂಗಿದರು.

"ಬರೀ ಅಕ್ಕಿ ಕಣೋ. ನೋಡು," ಎಂದರು.

"ಅಯ್ಯೋ, ಅಮ್ಮ, ಅದೆಲ್ಲ ಯಾಕೆ?" ತೇಜಸ್ವಿ ಗಡಬಡಿಸಿ ಎದ್ದು ಕೂತ. ಎರಡೂ ಕೈ ಚಾಚಿ, ಮುಖದ ತುಂಬ ನಗು ತಂದುಕೊಂಡ. "ಕೊಡಮ್ಮ, ಕುಡೀತೀನಿ."

ವೇದವಲ್ಲಿಯವರು ಆ ನಗುವನ್ನು ನೋಡಿದರು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅದನ್ನು ಅವರು ಹಿಂದೆಂದೂ ನೋಡಿರಲಿಲ್ಲ. ತುಟಿ ನಗುತ್ತಿತ್ತು, ಕಣ್ಣು ಬಟ್ಟಲನ್ನು ಬಿಟ್ಟು ಬಾಗಿಲ ಕಡೆ ಹೋಗಿತ್ತು. ಬಟ್ಟಲು ಕೊಟ್ಟರೆ ಅವನು ಅಷ್ಟನ್ನೂ ಕುಡಿದು ತೋರಿಸುವವನೇ.

ಅವರು ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡರು.

"ಬೇಡ ಬಿಡಪ್ಪ," ಎಂದರು. "ಅವಳು ಬರಲಿ. ಅವಳು ಕೊಟ್ಟದ್ದನ್ನು ಕುಡಿ."

ತೇಜಸ್ವಿಯ ಕೈಗಳು ತೊಡೆಯ ಮೇಲೆ ಇಳಿದವು. ಅವನ ಉಸಿರು ಹಗುರಾದದ್ದು ಅವರಿಗೆ ಕೇಳಿಸಿತು. ವೇದವಲ್ಲಿಯವರು ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡು ಪಕ್ಕದ ಕುರ್ಚಿಯಲ್ಲಿ ಕೂತರು. ಇಬ್ಬರೂ ಶೈಲಜಾಳ ದಾರಿ ಕಾದರು.